ಸುಜಾತಾ ತನ್ನ ದರ ಹೇಳಿದ್ದು

ಧಾರವಾಡದ ಮಾಳಮಡ್ಡಿಯ ಒಂದು ಬಾಡಿಗೆ ಮನೆಯಲ್ಲಿ, ನಡುಮನೆಗೆ ಹತ್ತಿದ ಸಣ್ಣ ಕೋಣೆಯೊಳಗೆ, ಮೂವತ್ತಮೂರು ವರ್ಷದ ಸುಜಾತಾ ದಿನವೆಲ್ಲ ಬೇರೆಯವರ ಮಾತು ಕೇಳುತ್ತ ಕೂರುತ್ತಿದ್ದಳು. ಕಿವಿಗೆ ದೊಡ್ಡ ಹೆಡ್‌ಫೋನ್ ಇರುತ್ತಿದ್ದುದರಿಂದ ಹೊರಗಿನವರಿಗೆ ಒಂದು ಸದ್ದೂ ಕೇಳುತ್ತಿರಲಿಲ್ಲ. ತಾಯಿ ರತ್ನವ್ವ ಚಹಾ ಹಿಡಿದು ಬಾಗಿಲು ತೆರೆದರೆ ಮಗಳು ಒಬ್ಬಳೇ ಕೂತು ನಗುತ್ತಿರುವುದೋ, ಹುಬ್ಬು ಗಂಟಿಕ್ಕಿಕೊಂಡು ಯಾರಿಗೋ ತಲೆಯಾಡಿಸುತ್ತಿರುವುದೋ ಕಾಣುತ್ತಿತ್ತು.

"ನಿಮ್ಮ ಸುಜಾತಾ ಏನ್ ಕೆಲಸ ಮಾಡ್ತಾಳ್ರಿ?" ಎಂದು ಓಣಿಯ ಹೆಂಗಸರು ಕೇಳಿದಾಗ ರತ್ನವ್ವನ ಹತ್ತಿರ ಸಿದ್ಧ ಉತ್ತರವಿತ್ತು. "ಪಾಡ್‌ಕಾಸ್ಟ್ ಅಂತ. ರೇಡಿಯೋ ಇದ್ದಂಗ ಐತಿ, ಆದ್ರ ಮೊಬೈಲ್‌ನ್ಯಾಗ ಬರತೈತಿ. ಮಂದಿ ಮಾತಾಡಿದ್ದನ್ನ ನಮ್ಮಾಕಿ ಹಸನ ಮಾಡಿ ಕೊಡ್ತಾಳ." ಮೊರದೊಳಗೆ ಜೋಳ ಹಾಕಿಕೊಂಡು ಹರಳು ಆರಿಸುವುದಕ್ಕೆ ಹೇಳುವ ಮಾತು ಅದು. ಸುಜಾತಾಳಿಗೆ ತನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕಿರಲಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಮದುವೆಗಳಿಂದ. ಬಿ.ಎ. ಮುಗಿಸಿ ಒಂಬತ್ತು ವರ್ಷ ಅವಳು ದಿನವೂ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಬಡೇಸಾಬ ಎಂಬುವರ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳ ಮಿಕ್ಸಿಂಗ್ ಮಾಡುತ್ತಿದ್ದಳು. ಎಲ್ಲರೂ ಚಿತ್ರ ನೋಡುತ್ತಿದ್ದರು, ಅವಳ ಗಮನ ಮಾತ್ರ ಸದ್ದಿನ ಮೇಲೆ. ಅಕ್ಷತೆ ಬೀಳುವ ಹೊತ್ತಿಗೆ ಬ್ಯಾಂಡಿನವರ ಗದ್ದಲ ತಗ್ಗಿಸಿ, ಮದುಮಗಳ ತಾಯಿ ಬಿಕ್ಕಿದ್ದು ಕೇಳುವಂತೆ ಮಾಡಿದಾಗ, ವಿಡಿಯೋ ಒಯ್ಯಲು ಬಂದವರು ಅಂಗಡಿಯಲ್ಲೇ ಕಣ್ಣೊರೆಸಿಕೊಂಡಿದ್ದರು. ವಯಸ್ಸಾಯಿತೆಂದು ಬಡೇಸಾಬರು ಅಂಗಡಿ ಮುಚ್ಚುವಾಗ ಅವಳು ಕೊನೆಯ ಎರಡು ತಿಂಗಳ ಪಗಾರದ ಬದಲು ಅಲ್ಲಿಯ ಕಂಪ್ಯೂಟರನ್ನೇ ಕೇಳಿ ಪಡೆದುಕೊಂಡು, ಅದನ್ನು ಆಟೋದಲ್ಲಿ ಇಟ್ಟುಕೊಂಡು ಧಾರವಾಡಕ್ಕೆ ಬಂದಳು.

ಮೊದಲ ಗಿರಾಕಿ ಅಂಬರೀಷ ಸರ್. ಸಪ್ತಾಪುರದಲ್ಲಿ ಅವರದೊಂದು ಕೋಚಿಂಗ್ ಕ್ಲಾಸು. ಪಿಎಸ್‌ಐ, ಎಫ್‌ಡಿಎ ಎಂದು ಪರೀಕ್ಷೆ ಕಟ್ಟುವ ಹುಡುಗ ಹುಡುಗಿಯರಿಗಾಗಿ ಅವರು ದಿನಾ ಬೆಳಗ್ಗೆ ಹಿಂದಿನ ದಿನದ ಸುದ್ದಿಗಳನ್ನು ಹೇಳಿ ಪಾಡ್‌ಕಾಸ್ಟ್ ಬಿಡುತ್ತಿದ್ದರು. ವಿದ್ಯಾರ್ಥಿಗಳು ಅದನ್ನು ಕೇಳುತ್ತಲೇ ಹಲ್ಲುಜ್ಜಿ, ಕೇಳುತ್ತಲೇ ಮೆಸ್ಸಿಗೆ ನಡೆಯುತ್ತಿದ್ದರು. ಸರ್ ಓದಿಕೊಂಡವರು, ಮಾತುಗಾರರು. ಆದರೆ ಎರಡು ವಾಕ್ಯಕ್ಕೊಮ್ಮೆ "ಏನಪಾ ಅಂದ್ರ" ಎನ್ನದಿದ್ದರೆ ಅವರಿಗೆ ಮೂರನೆಯ ವಾಕ್ಯ ಹೊರಡುತ್ತಿರಲಿಲ್ಲ. ಒಂದು ದಿನ ಸುಜಾತಾ ಸುಮ್ಮನೆ ಕುತೂಹಲಕ್ಕೆ ಎಣಿಸಿದಳು. ಇಪ್ಪತ್ತೈದು ನಿಮಿಷದಲ್ಲಿ ಅರವತ್ತನಾಲ್ಕು.

ಮೊದಲ ದಿನ ಅವರು ಕೇಳಿದ್ದರು, "ಎಷ್ಟ ತಗೋತೀರಿ ಮೇಡಂ?"

"ನೀವ ತಿಳದಷ್ಟ ಕೊಡ್ರಿ ಸರ್," ಎಂದಿದ್ದಳು ಸುಜಾತಾ.

ಅವರಿಗೆ ತಿಳಿದದ್ದು ಇನ್ನೂರು ರೂಪಾಯಿ. ಒಂದೂವರೆ ವರ್ಷವಾದರೂ ಅದು ಇನ್ನೂರೇ ಇತ್ತು. ಅವರು ಜಿಪುಣರೇನಲ್ಲ. ಅವಳು ಕೇಳಲಿಲ್ಲ, ಅವರಿಗೆ ಹೊಳೆಯಲಿಲ್ಲ, ಅಷ್ಟೇ. ಅವರ ಬಾಯಿಂದ ಬಾಯಿಗೆ ಹೋಗಿ ಇನ್ನೂ ಕೆಲವರು ಬಂದರು. ಹಲ್ಲಿನ ಡಾಕ್ಟರೊಬ್ಬರಿಗೆ ತಿಳಿದದ್ದು ನೂರೈವತ್ತು. ಇನ್ನೊಬ್ಬರಿಗೆ ಒಂದು ಸಲ ಮುನ್ನೂರು ತಿಳಿಯಿತು, ಮುಂದಿನ ಸಲ ಏನೂ ತಿಳಿಯಲಿಲ್ಲ. ಸುಜಾತಾ ಯಾರಿಗೂ ಇಷ್ಟು ಎಂದು ಹೇಳಿದವಳಲ್ಲ. ದರ ಹೇಳಬೇಕೆಂದು ಬಾಯಿ ತೆರೆದರೆ ಕೊನೆಗೆ 'ತಿಳದಷ್ಟ ಕೊಡ್ರಿ' ಎಂಬ ಅದೇ ಮಾತು ಬರುತ್ತಿತ್ತು. ಕೆಲಸದಲ್ಲಿ ಸಿಗುತ್ತಿದ್ದ ಖುಷಿಗೆ ಮತ್ತೆ ಬೇರೆ ಹಣ ಕೇಳುವುದು ಹೇಗೆ ಎಂಬ ಸಂಕೋಚವೂ ಅದರಲ್ಲಿ ಸೇರಿತ್ತು. ಒಂದು ಉಸಿರನ್ನು ಎಲ್ಲಿ ಕತ್ತರಿಸಬೇಕು, ಯಾವುದನ್ನು ಬಿಡಬೇಕು, ಮಾತಿನ ನಡುವಿನ ಮೌನವನ್ನು ಎಷ್ಟು ಉಳಿಸಿದರೆ ಕೇಳುವವನು ತಾನೂ ಒಂದು ಗಳಿಗೆ ಯೋಚಿಸುತ್ತಾನೆ, ಇವೆಲ್ಲ ಅವಳಿಗೆ ಆಟದಂತಿದ್ದವು.

ಹೀಗಿರುವಾಗ ಒಂದು ಮಧ್ಯಾಹ್ನ ಅಮ್ಮಿನಬಾವಿಯ ಹುಲಗೇಶ ಬಂದ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಊರಿಗೆ ಮರಳಿ ಹೊಲ ಮಾಡುತ್ತಿದ್ದ ಹುಡುಗ. ಹತ್ತಿ, ಕಡಲೆ, ಔಷಧಿ ಹೊಡೆಯುವ ಹೊತ್ತು ಎಂದು ಊರಿನ ರೈತರನ್ನು ಮಾತಾಡಿಸಿ ಪಾಡ್‌ಕಾಸ್ಟ್ ಮಾಡುತ್ತಿದ್ದ. ಅವನ ಎರಡು ಕಂತುಗಳನ್ನು ಸುಜಾತಾ ಹಸನು ಮಾಡಿ ಕೊಟ್ಟಿದ್ದಳು. ಅವನು ಬೈಕಿನ ಹಿಂದೆ ಕಟ್ಟಿ ತಂದಿದ್ದ ಅರ್ಧ ಚೀಲ ಬಿಳಿ ಜೋಳವನ್ನು ಬಾಗಿಲ ಬಳಿ ಇಳಿಸಿ, "ನಮ್ಮ ಹೊಲದ್ದು ಅಕ್ಕಾ, ರೊಟ್ಟಿ ಭಾಳ ಛಲೋ ಆಗ್ತಾವು," ಎಂದು ನಕ್ಕು, ಚಹಾ ಕುಡಿದು ಹೋದ.

ಸಂಜೆ ತಂದೆ ಮೈಲಾರಪ್ಪ ವಾಕಿಂಗ್ ಮುಗಿಸಿ ಬಂದರು. ನೀರಾವರಿ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಚೀಲ ನೋಡಿ ನಿಂತರು.

"ಇದೇನವಾ?"

"ಜೋಳ ಅಪ್ಪಾ. ಹುಲಗೇಶ ತಂದ ಕೊಟ್ಟ. ಅವನ ಕೆಲಸ ಮಾಡಿ ಕೊಟ್ಟಿದ್ನಲ್ಲ, ಅದಕ್ಕ."

"ನೀ ಜೋಳ ಕೇಳಿದ್ದಿ?"

"ಇಲ್ಲಪಾ. ಎಷ್ಟ ಕೊಡ್ಲಿ ಅಂದ. ನಿಂಗ ತಿಳದಷ್ಟ ಕೊಡು ಅಂದೆ."

ಮೈಲಾರಪ್ಪ ಒಳಗೆ ಹೋಗಿ ನೀರು ಕುಡಿದು ತಮ್ಮ ಕುರ್ಚಿಯಲ್ಲಿ ಕೂತರು. ಊಟದ ಹೊತ್ತಿಗೂ ಮಾತಾಡಲಿಲ್ಲ. ಅವರ ಮೌನ ಮನೆಯವರಿಗೆ ಹೊಸದಲ್ಲ. ಆದರೆ ಮೌನಗಳನ್ನು ಅಳೆಯುವುದೇ ಕೆಲಸವಾಗಿದ್ದ ಸುಜಾತಾಳಿಗೆ ಇದು ಬೇರೆ ಜಾತಿಯದು ಎಂದು ತಿಳಿಯಿತು.

ಮರುದಿನ ಬೆಳಗ್ಗೆ ಅವರು ಮಗಳ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ಸುಜಾತಾ ಹೆಡ್‌ಫೋನ್ ತೆಗೆದಿಟ್ಟಳು.

"ನಿಮ್ಮಜ್ಜ ಹಲಗಿ ಬಾರಸ್ತಿದ್ದ, ನಿಂಗ ಗೊತ್ತೈತಿ."

"ಗೊತ್ತೈತಿ ಅಪ್ಪಾ."

"ಅದಕ್ಕ ಏನ ಕೊಡ್ತಿದ್ರು, ಅದು ಗೊತ್ತೈತೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಈ ಮಾತನ್ನು ತಂದೆ ಎಂದೂ ತೆಗೆದಿರಲಿಲ್ಲ.

"ಸುಗ್ಗಿ ಆದ ಮ್ಯಾಲ ಕಣಕ್ಕ ಹೋಗ್ತಿದ್ವಿ. ಧೋತರದ ಒಂದ ತುದಿ ಅಪ್ಪ ಹಿಡೀತಿದ್ದ, ಇನ್ನೊಂದು ನಾನು. ಹೊಲದವ್ರು ತಮಗ ತಿಳದಷ್ಟ ಜೋಳ ಅದರಾಗ ಸುರೀತಿದ್ರು. ಒಂದ ವರ್ಷ ಒಂದ ಬುಟ್ಟಿ, ಒಂದ ವರ್ಷ ಅರ್ಧ ಬುಟ್ಟಿ. ಎಷ್ಟ ಮದುವಿಗೆ ಬಾರಿಸಿದ, ಎಷ್ಟ ಹೆಣದ ಮುಂದ ಬಾರಿಸಿದ, ಯಾರೂ ಎಣಸ್ತಿದ್ದಿಲ್ಲ. ಅರ್ಧ ಬುಟ್ಟಿ ಬಂದ ವರ್ಷ ನಾ ಕೇಳಿದೆ, ಅಪ್ಪಾ, ಯಾಕ ಕಡಿಮಿ ಕೊಟ್ರು ಅಂತ. ಅವ ಏನಂದ ಗೊತ್ತೇನು? 'ಯಾವುದಕ್ಕಿಂತ ಕಡಿಮಿಪಾ?' ಅಂದ."

ಮೈಲಾರಪ್ಪ ಸ್ಟೂಲನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡರು.

"ಇಷ್ಟು ಅಂತ ಮೊದಲ ಹೇಳಿದ್ರ ಅಲ್ಲೇನವಾ, ಕಡಿಮಿ ಆತು ಅನ್ನಾಕ ಬರೂದು? ಹುಲಗೇಶ ಛಲೋ ಹುಡುಗ, ಪ್ರೀತಿಲೆ ತಂದಾನ. ಅವನ ಮ್ಯಾಲ ನಂದೇನೂ ಇಲ್ಲ. ನೀ ಅಂದಿಯಲ್ಲ, ತಿಳದಷ್ಟ ಕೊಡು ಅಂತ, ಆ ಮಾತ ನನಗ ಸೇರಲಿಲ್ಲ."

ಅವರೇ ಮುಂದುವರಿಸಿದರು.

"ನನಗ ನೌಕರಿ ಆರ್ಡರ್ ಬಂದಾಗ ಅದರಾಗ ಪಗಾರದ ಸ್ಕೇಲ್ ಬರದಿತ್ತು. ಸಣ್ಣ ಪಗಾರ. ಆದ್ರ ಬರದಿತ್ತು. ಅಪ್ಪಗ ಓದಿ ಹೇಳಿದೆ. ಇನ್ನೊಮ್ಮಿ ಓದು ಅಂದ. ಮೂರ ಸಲ ಓದಿಸ್ಕೊಂಡ. ಆಮ್ಯಾಲ ಆ ಕಾಗದ ತಗೊಂಡು ಓಣಿ ಮಂದಿಗೆಲ್ಲಾ ತೋರ್ಸಿ ಬಂದ, ಅವಂಗ ಓದಾಕ ಬರತಿದ್ದಿಲ್ಲ, ಆ ಸಾಲು ಎಲ್ಲೈತಿ ಅನ್ನೂದು ಮಾತ್ರ ಗೊತ್ತಿತ್ತು. ಬಟ್ಟು ಇಟ್ಟು ತೋರಸ್ತಿದ್ದ."

ಅಜ್ಜನನ್ನು ಸುಜಾತಾ ನೋಡಿದವಳಲ್ಲ. ಆದರೂ ಕಾಗದದ ಮೇಲೆ ಬೆರಳಿಟ್ಟುಕೊಂಡು ಮನೆಮನೆಗೆ ಹೋದ ಮುದುಕ ಅವಳ ಕಣ್ಣಿಗೆ ಕಟ್ಟಿ, ನಗು ಬಂತು.

"ಹಂಗಾದ್ರ ಎಷ್ಟ ಹೇಳ್ಲಿ ಅಪ್ಪಾ?"

"ಅದನ್ನ ನಾ ಹೆಂಗ ಹೇಳ್ಲಿ? ಮೊದಲ ಕೆಲಸ ಎಷ್ಟೈತಿ ನೋಡೋಣಂತ."

ಮರುದಿನದಿಂದ ಮೈಲಾರಪ್ಪ ಆಫೀಸಿಗೆ ಹೋಗುವವರಂತೆ ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗಳ ಕೋಣೆಗೆ ಬರತೊಡಗಿದರು. ಕೈಯಲ್ಲೊಂದು ನೋಟ್‌ಬುಕ್ಕು, ಸ್ಕೇಲು, ಎರಡು ಬಣ್ಣದ ಪೆನ್ನು. ಅವಳ ಬೆನ್ನ ಹಿಂದೆ ಕೂತು ಕೈಗಡಿಯಾರ ನೋಡಿ ಬರೆಯುತ್ತಿದ್ದರು. ಅವಳು ಯಾವ ಸದ್ದು ಕೇಳುತ್ತಿದ್ದಾಳೆ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ, ವೇಳೆ ಮಾತ್ರ ಗೊತ್ತಾಗುತ್ತಿತ್ತು. ಅಂಬರೀಷ ಸರ್ ಇಪ್ಪತ್ತೈದು ನಿಮಿಷ ಮಾತಾಡಿದ್ದಕ್ಕೆ ಎರಡೂವರೆ ತಾಸು. ಡಾಕ್ಟರರ ನಲವತ್ತು ನಿಮಿಷಕ್ಕೆ ಮೂರು ತಾಸು ಹತ್ತು ನಿಮಿಷ, ಮೇಲೆ ಅವರು ನಾಲ್ಕು ಸಲ ಫೋನ್ ಮಾಡಿ ಇದನ್ನು ತೆಗೆಯಿರಿ, ಅದನ್ನು ಹೊಳ್ಳಿ ಹಾಕಿರಿ ಎಂದದ್ದಕ್ಕೆ ಇನ್ನೊಂದು ತಾಸು. "ಚಹಾ, ಹನ್ನೆರಡು ನಿಮಿಷ" ಎಂದೂ ಒಂದು ಸಾಲು ಇತ್ತು.

"ಚಹಾ ಯಾಕ ಬರದಿ ಅಪ್ಪಾ?"

"ಆಫೀಸಿನ್ಯಾಗ ಚಹಾಕ್ಕ ಹೋದ್ರ ಪಗಾರ ಕಟ್ ಮಾಡ್ತಿದ್ರೇನು?"

ವಾರದ ಕೊನೆಗೆ ಅವರು ಗುಣಿಸಿ ಭಾಗಿಸಿ ಕೆಂಪು ಪೆನ್ನಿನಲ್ಲಿ ಬರೆದು ತೋರಿಸಿದರು. ಮಗಳಿಗೆ ಈಗ ತಾಸಿಗೆ ಬೀಳುತ್ತಿದ್ದುದು ಎಂಬತ್ತು ರೂಪಾಯಿಯೊಳಗೆ. ಬಾಗಿಲಲ್ಲಿ ನಿಂತಿದ್ದ ರತ್ನವ್ವ, "ಇದಕ್ಕಿಂತ ನನ್ನ ಕೂಡ ಶ್ಯಾವಿಗಿ ಹೊಸದ್ರ ಜಾಸ್ತಿ ಸಿಗ್ತಾವು," ಎಂದಳು.

ಆಮೇಲೆ ನಿಜವಾದ ಚರ್ಚೆ ಶುರುವಾಯಿತು. ಮೈಲಾರಪ್ಪನವರು ಸರ್ಕಾರಿ ಲೆಕ್ಕದ ಮನುಷ್ಯ. ಕರೆಂಟು, ಇಂಟರ್ನೆಟ್ಟು, ಸವೆಯುವ ಹೆಡ್‌ಫೋನ್ ಅಷ್ಟೇ ಅಲ್ಲದೆ ಕೆಲಸವಿಲ್ಲದ ದಿನ, ಜ್ವರ ಬಂದ ದಿನ, ಭಾನುವಾರ ಎಲ್ಲವನ್ನೂ ಸೇರಿಸಿದರು. "ರಜಾ ಇಲ್ಲದ ನೌಕರಿ ಎಲ್ಲೈತವಾ?" ತುಟ್ಟಿಭತ್ಯೆಯ ಕಾಲಮ್ಮನ್ನೂ ಎಳೆದಾಗ ಸುಜಾತಾ ಸ್ಕೇಲು ಕಸಿದುಕೊಂಡಳು. ದಿನಕ್ಕೆ ಐದು ತಾಸಿಗಿಂತ ಹೆಚ್ಚು ಕೂತರೆ ಕಿವಿ ದಣಿದು ತಪ್ಪು ಬೀಳುತ್ತವೆ ಎಂದು ಅವಳು ಹೇಳಿದಳು. ಆ ಐದು ತಾಸಿನಲ್ಲೇ ಮನೆಗೂ ಆಗಬೇಕು, ಅವಳಿಗೂ ಉಳಿಯಬೇಕು. ಎಲ್ಲ ಕೂಡಿ ಕಳೆದು ತಾಸಿಗೆ ಮುನ್ನೂರು ಎಂದು ಬಂತು.

"ಭಾಳ ಆತು ಅಪ್ಪಾ. ನೂರೈವತ್ತ ಹಿಡಿ."

"ಹಿಡಿ ಅಂದ್ರ ಹಿಡಿಯಾಕ ಇದೇನ ಸಂತ್ಯಾಗಿನ ಕೋಳೇನವಾ? ಕೂಡಿಸಿದ್ರ ಬಂದದ್ದು ಇದು."

ಆದರೆ ತಾಸಿನ ಲೆಕ್ಕವನ್ನು ಗಿರಾಕಿಗಳಿಗೆ ಹೇಳಬಾರದು ಎಂದು ಸುಜಾತಾಳೇ ಕಂಡುಕೊಂಡಳು. ತಾಸಿಗೆ ಇಷ್ಟು ಎಂದರೆ, ಕೈ ಪಳಗಿ ಬೇಗ ಮಾಡಿದಷ್ಟೂ ನಷ್ಟ ತನಗೇ. ಅದೂ ಅಲ್ಲದೆ ಹೊತ್ತು ತಿನ್ನುವುದು ಮಾತಲ್ಲ, ಮಾತಿನ ಸುತ್ತಲಿನ ಗದ್ದಲ. ಶಾಂತ ಜಾಗದಲ್ಲಿ ಮಾಡಿದ ಅರ್ಧ ತಾಸಿನ ರೆಕಾರ್ಡಿಂಗನ್ನು ಅವಳು ಒಂದು ತಾಸು ಇಪ್ಪತ್ತು ನಿಮಿಷದಲ್ಲಿ ಮುಗಿಸಬಲ್ಲಳು. ಆದ್ದರಿಂದ ಪಟ್ಟಿ ಹೀಗಾಯಿತು: ಅರ್ಧ ತಾಸಿನದು, ಶಾಂತವಾಗಿದ್ದರೆ ನಾನೂರು, ಗದ್ದಲವಿದ್ದರೆ ಏಳುನೂರೈವತ್ತು. ಒಂದು ತಾಸಿನದು, ಎಂಟುನೂರು ಮತ್ತು ಸಾವಿರದೈನೂರು. ಎರಡು ಸಲ ತಿದ್ದುಪಡಿ ಅದರಲ್ಲೇ ಬಂತು, ಮೂರನೆಯದಕ್ಕೆ ಬೇರೆ. ಭಾನುವಾರ ಕೆಲಸವಿಲ್ಲ. ಮೈಲಾರಪ್ಪ ಅದರ ಕೆಳಗೆ 'ಈ ದರಗಳು ಏಪ್ರಿಲ್ ಒಂದರಿಂದ ಜಾರಿಗೆ ಬರತಕ್ಕದ್ದು' ಎಂದು ಬರೆಸದೆ ಬಿಡಲಿಲ್ಲ.

ಬರೆಯುವುದು ಸುಲಭವಾಯಿತು. ಬಾಯಿಬಿಟ್ಟು ಹೇಳುವುದು ಹೇಗೆ? ರತ್ನವ್ವ ತಾನೇ ಗಿರಾಕಿಯಾಗಿ ಕಟ್ಟೆಯ ಮೇಲೆ ಕೂತು ಮಗಳಿಗೆ ಅಭ್ಯಾಸ ಮಾಡಿಸಿದಳು.

"ಒಂದ ತಾಸಿಂದಕ್ಕ ಎಷ್ಟ್ರಿ?"

"ಸಾವಿರದೈನೂರ್ರಿ."

"ಅಯ್ಯ, ಸಾವಿರಕ್ಕ ಮಾಡ್ರಿ. ಮುಂದಿನ ಓಣ್ಯಾಗ ಏಳನೂರಕ್ಕ ಕೊಡ್ತಾರು."

"ಹಂಗಾದ್ರ ಸಾವಿರದಾ ಎರಡನೂ..." ಎಂದಳು ಸುಜಾತಾ.

ರತ್ನವ್ವ ಸೆರಗಿನಿಂದ ಅವಳ ಭುಜಕ್ಕೆ ಹೊಡೆದಳು. "ಹತ್ತ ರೂಪಾಯಿ ಕೊತಂಬ್ರಿ ಮಾರಾಕಿನೂ ನಿನ್ನಷ್ಟ ಲಗೂ ಇಳಿಯಂಗಿಲ್ಲ. ಹೇಳಿದ ಮ್ಯಾಲ ಬಾಯಿ ಮುಚ್ಚಬೇಕು. ಮುಂದ ಅವ್ರ ಮಾತಾಡಬೇಕು."

ಆ ಮಾತನ್ನು ಪರೀಕ್ಷಿಸುವ ಹೊತ್ತು ಮೂರು ದಿನದಲ್ಲೇ ಬಂತು. ಹುಬ್ಬಳ್ಳಿಯಿಂದ ಇಸ್ತಿಯಾಕ ಎಂಬುವರು ಫೋನ್ ಮಾಡಿ ಕರೆದರು. ಹಳೇ ಹುಬ್ಬಳ್ಳಿಯಲ್ಲಿ ಅವರದು ಬೈಕ್ ಗ್ಯಾರೇಜು, ತಂದೆಯ ಕಾಲದ್ದು. ಹಳೆಯ ಮೆಕ್ಯಾನಿಕರನ್ನು, ಲಾರಿ ಡ್ರೈವರರನ್ನು ಕೂರಿಸಿ ಮಾತಾಡಿಸಿ ಪಾಡ್‌ಕಾಸ್ಟ್ ಮಾಡಬೇಕೆಂಬ ಹುಚ್ಚು ಅವರಿಗೆ. ಸುಜಾತಾ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋದಳು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಸಾವಿರದೈನೂರು ಎಂದುಕೊಳ್ಳುತ್ತ. ನವಲೂರು ದಾಟುವ ಹೊತ್ತಿಗೆ ಆ ಪದಕ್ಕೆ ಅರ್ಥವೇ ಉಳಿದಿರಲಿಲ್ಲ.

ಗ್ಯಾರೇಜಿನಲ್ಲಿ ಅವರು ಒಂದು ಕುರ್ಚಿ ಒರೆಸಿ ಕೊಟ್ಟರು, ಮೊಬೈಲಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಕೇಳಿಸಿದರು. ಎಪ್ಪತ್ತು ದಾಟಿದ ಮೆಕ್ಯಾನಿಕ್ ಹಜರತಅಲಿ ಚಾಚಾ, ಒಂದು ಕಾಲದಲ್ಲಿ ಮದುಮಗನನ್ನು ಕೂರಿಸಿಕೊಂಡ ಸ್ಕೂಟರ್ ಅರ್ಧ ದಾರಿಯಲ್ಲಿ ನಿಂತಾಗ ತಾನೇ ಅದನ್ನು ಮದುವೆ ಮಂಟಪದವರೆಗೆ ತಳ್ಳಿಕೊಂಡು ಹೋಗಿ ಊಟಕ್ಕೆ ಕೂತದ್ದನ್ನು ಹೇಳುತ್ತಿದ್ದರು. ಹಿಂದೆ ಸುತ್ತಿಗೆ, ಕಂಪ್ರೆಸರ್, ಹಾರ್ನು. ಸುಜಾತಾ ನಗುವುದನ್ನು ತಡೆಯಲಾರದೆ ಹೋದಳು.

"ಎಷ್ಟ ಆಗತೈತ್ರಿ ಅಕ್ಕಾರ?" ಎಂದರು ಇಸ್ತಿಯಾಕ. "ಮೊದಲ ಹೇಳಿಬಿಡ್ರಿ. ನಾನೂ ಗಾಡಿ ಬಿಚ್ಚೂಕಿಂತ ಮೊದಲ ಲೇಬರ್ ಹೇಳಾಂವ. ಬಿಚ್ಚಿದ ಮ್ಯಾಲ ಹೇಳಿದ್ರ ಜಗಳ ಆಗ್ತಾವು."

"ಒಂದ ತಾಸಿನ ರೆಕಾರ್ಡಿಂಗಿಗೆ ಸಾವಿರದೈನೂರ್ರಿ ಅಣ್ಣಾರ," ಎಂದಳು ಸುಜಾತಾ.

ಇಸ್ತಿಯಾಕ ಏನೂ ಹೇಳಲಿಲ್ಲ. ಎದುರಿನ ಬೈಕಿನತ್ತ ನೋಡಿದರು. ಸುಜಾತಾಳ ನಾಲಗೆಯ ತುದಿಗೆ 'ನೀವ ತಿಳದಷ್ಟ' ಎಂಬುದು ಬಂದು ನಿಂತಿತು. ಅವಳು ತುಟಿ ಬಿಗಿದು, ಅಭ್ಯಾಸಬಲದಿಂದ ಆ ಮೌನವನ್ನು ಎಣಿಸತೊಡಗಿದಳು. ಒಂದು, ಎರಡು, ಮೂರು. ಕಂಪ್ಯೂಟರಿನಲ್ಲಿ ಇಂಥದ್ದನ್ನು ಅವಳು ಎಷ್ಟೋ ಸಲ ಕತ್ತರಿಸದೆ ಬಿಟ್ಟಿದ್ದಳು. ನಾಲ್ಕು, ಐದು, ಆರು.

"ಆತ್ರಿ," ಎಂದರು ಇಸ್ತಿಯಾಕ. "ಆದ್ರ ಒಂದ ಮಾತು. ಆ ಸುತ್ತಿಗಿ ಸಪ್ಪಳ ಪೂರ್ತಿ ತಗೀಬ್ಯಾಡ್ರಿ. ಅದಿಲ್ಲಂದ್ರ ಚಾಚಾ ಯಾವುದೋ ಆಫೀಸಿನ್ಯಾಗ ಕುಂತು ಮಾತಾಡಿದಂಗ ಆಗತೈತಿ."

"ಸುತ್ತಿಗಿ ಇಡ್ತೇನ್ರಿ. ಹಾರ್ನ್ ತಗೀತೇನಿ."

"ಹಾರ್ನ್ ತಗದ ಬಿಸಾಕ್ರಿ," ಎಂದು ಅವರು ಮನಸಾರೆ ನಕ್ಕು, ಮುಂಗಡವೆಂದು ಐನೂರು ಕೈಗಿಟ್ಟರು.

ಮರಳುವ ಬಸ್ಸಿನಲ್ಲಿ ಸುಜಾತಾ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಳು. ಉಣಕಲ್ ಕೆರೆ ಬಂದು ಹೋಯಿತು. ಮೈಯೆಲ್ಲ ಹಗುರ. ಪಕ್ಕದಲ್ಲಿದ್ದ ಅಪರಿಚಿತ ಮುದುಕಿ, "ಏನವಾ, ನೌಕರಿ ಆತೇನು?" ಎಂದು ಕೇಳುವಷ್ಟು ಅವಳ ಮುಖ ಅರಳಿತ್ತು. "ಹೂನ್ರಿ ಅವ್ವಾರ," ಎಂದುಬಿಟ್ಟಳು.

ಅಂಬರೀಷ ಸರ್ ಹತ್ತಿರ ಹೋಗುವುದು ಇದಕ್ಕಿಂತ ಕಷ್ಟವಾಗಿತ್ತು. ಹೊಸಬರಿಗೆ ದರ ಹೇಳುವುದು ಬೇರೆ, ಒಂದೂವರೆ ವರ್ಷ ಇನ್ನೂರು ಕೊಟ್ಟವರಿಗೆ ಹೇಳುವುದು ಬೇರೆ. ಸರ್ ಪಟ್ಟಿ ಓದಿ ಕನ್ನಡಕ ಮೇಲೇರಿಸಿದರು.

"ಇನ್ನೂರು ಇದ್ದದ್ದು ಏಳನೂರೈವತ್ತೇನ್ರಿ ಮೇಡಂ?"

"ಗದ್ದಲ ಇದ್ರ ಏಳನೂರೈವತ್ರಿ ಸರ್. ಇಲ್ಲಂದ್ರ ನಾನೂರು."

"ನನ್ನ ರೆಕಾರ್ಡಿಂಗ್‌ನ್ಯಾಗ ಗದ್ದಲ ಎಲ್ಲೈತ್ರಿ? ನಾನೂ ದಿನಾ ಕೇಳ್ತೇನಲ್ಲ."

ಅವರು ಕೇಳುತ್ತಿದ್ದುದು ಅವಳು ಹಸನು ಮಾಡಿದ್ದನ್ನು. ಸುಜಾತಾ ಮೊಬೈಲ್ ತೆಗೆದು ಹಿಂದಿನ ದಿನ ಅವರೇ ಕಳಿಸಿದ್ದ ಕಚ್ಚಾ ರೆಕಾರ್ಡಿಂಗನ್ನು ಮೇಜಿನ ಮೇಲಿಟ್ಟು ಹಚ್ಚಿದಳು. ಫ್ಯಾನು ಕಿರ್ ಎನ್ನುತ್ತಿತ್ತು. ಆಟೋ ಹೋಯಿತು. ಚಹಾದ ಕಪ್ಪು ಸಾಸರಿಗೆ ಬಡಿಯಿತು. ಯಾರೋ ಬಾಗಿಲು ತೆರೆದು "ಸರ್, ಝೆರಾಕ್ಸ್," ಎಂದರು. ಅದರ ನಡುವೆ ಸರ್ ದನಿ: "ಏನಪಾ ಅಂದ್ರ, ಸಂವಿಧಾನ ತಿದ್ದುಪಡಿ, ಏನಪಾ ಅಂದ್ರ, ಇದು ಯಾವಾಗ ಆತಪಾ ಅಂದ್ರ..."

ಮೊದಲ ನಿಮಿಷ ಅಂಬರೀಷ ಸರ್ ಗಂಭೀರವಾಗಿದ್ದರು. ಎರಡನೆಯ ನಿಮಿಷಕ್ಕೆ ತುಟಿ ನಡುಗಿತು. ಮೂರನೆಯದಕ್ಕೆ ಕನ್ನಡಕ ತೆಗೆದು, ಮೇಜಿಗೆ ಕೈಕೊಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ದಿನಾ ಇದನ್ನೆಲ್ಲಾ ತಗದ ಕೊಡಾಕತ್ತೀರೇನು?"

"ಒಂದೂವರಿ ವರ್ಷದಿಂದ್ರಿ."

"ಒಮ್ಮಿ ಆದ್ರೂ ಹೇಳಬಾರದೇನ್ರಿ ಮೇಡಂ?"

"ಈಗ ಹೇಳೇನಲ್ರಿ ಸರ್."

ನಾನೂರಕ್ಕೆ ಇಳಿಸಲು ಏನು ಮಾಡಬೇಕೆಂದು ಅವರು ಕೇಳಿದರು. ಸುಜಾತಾ ಕ್ಲಾಸಿನ ಒಂದೊಂದೇ ಕೋಣೆಗೆ ಹೋಗಿ ಚಪ್ಪಾಳೆ ತಟ್ಟಿ ನೋಡಿದಳು. ಎಲ್ಲ ಕಡೆ ಸದ್ದು ಗೋಡೆಗೆ ಬಡಿದು ಹೊಳ್ಳಿ ಬರುತ್ತಿತ್ತು. ಕೊನೆಗೆ ಹಿಂದಿನ ಸಾಮಾನು ಕೋಣೆ. ಹತ್ತು ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳು ಕಟ್ಟುಕಟ್ಟಾಗಿ ನೆಲದಿಂದ ಮಾಡಿನವರೆಗೆ ನಿಂತಿದ್ದವು. ಅಲ್ಲಿ ತಟ್ಟಿದ ಚಪ್ಪಾಳೆ ಹುಟ್ಟಿದಲ್ಲೇ ಅಡಗಿತು.

"ಇಲ್ಲೇ ಕುಂಡ್ರಿ ಸರ್. ಇಷ್ಟು ಶಾಂತ ಜಾಗ ಧಾರವಾಡದಾಗ ಇಲ್ಲ."

ಸರ್ ವಾರಕ್ಕೆ ಆರರ ಬದಲು ಐದು ಮಾಡುತ್ತೇನೆಂದು, ನಾನೂರರಂತೆ ಕೊಡಲು ಒಪ್ಪಿದರು. 'ಏನಪಾ ಅಂದ್ರ' ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದು, ಅದರ ಮೇಲೆ ಗೀಟು ಹಾಕಿ, ಮೈಕಿನ ಎದುರಿನ ಪ್ರಶ್ನೆಪತ್ರಿಕೆಗಳ ಕಟ್ಟಿನ ಮೇಲೆ ಅಂಟಿಸಿಕೊಂಡರು. ಮೊದಲ ದಿನ ಅರವತ್ತನಾಲ್ಕು ಇದ್ದದ್ದು ಇಪ್ಪತ್ತಕ್ಕೆ ಇಳಿಯಿತು. ಆದರೆ ಅದನ್ನು ತಡೆಯುವ ಭರದಲ್ಲಿ ಅವರ ದನಿ ಬಿಗಿಯಾಗಿ, ವಿದ್ಯಾರ್ಥಿಗಳಿಂದಲೇ ದೂರು ಬಂತು, ಸರ್ ಮಾತು ಸರ್ ಮಾತಿನಂತೆ ಅನ್ನಿಸುತ್ತಿಲ್ಲ ಎಂದು. ಸುಜಾತಾ ಯೋಚಿಸಿ ಪ್ರತಿ ಕಂತಿನಲ್ಲಿ ಐದು 'ಏನಪಾ ಅಂದ್ರ' ಕತ್ತರಿಸದೆ ಉಳಿಸತೊಡಗಿದಳು.

ಹಲ್ಲಿನ ಡಾಕ್ಟರು ಮಾತ್ರ ಪಟ್ಟಿ ನೋಡಿ, "ಸರಿ, ಹೇಳ್ತೇನಿ," ಎಂದು ಸಂದೇಶ ಕಳಿಸಿದವರು ಮತ್ತೆ ಏನೂ ಹೇಳಲಿಲ್ಲ. ಸುಜಾತಾಳಿಗೆ ಎರಡು ದಿನ ಬೇಜಾರಾಯಿತು. ಮೂರನೆಯ ದಿನ, ವಾರಕ್ಕೆ ನಾಲ್ಕು ತಾಸು ತನಗೆ ಮರಳಿ ಸಿಕ್ಕಿವೆ ಎಂಬುದು ಹೊಳೆಯಿತು. ಆ ತಾಸುಗಳಿಗೆ ಮುಂದಿನ ತಿಂಗಳು ಬೆಳಗಾವಿಯ ಒಬ್ಬ ವಕೀಲೆ ಬಂದಳು, ದರ ಓದಿ ಪ್ರಶ್ನೆಯನ್ನೇ ಕೇಳದೆ ಒಪ್ಪಿದಳು. ಅದು ಕಂಡು ಮೈಲಾರಪ್ಪನವರಿಗೆ ಅನುಮಾನ ಬಂತು, ಕಡಿಮೆ ಬರೆದೆವೇನೋ ಎಂದು. ಅವರು ನೋಟ್‌ಬುಕ್ ಹುಡುಕಲು ಎದ್ದದ್ದನ್ನು ನೋಡಿ ರತ್ನವ್ವ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಮುಚ್ಚಿಟ್ಟಳು.

ಹುಲಗೇಶನಿಗೆ ಹೇಳುವಾಗ ಸುಜಾತಾ ಅವನನ್ನು ಊಟಕ್ಕೇ ಕರೆದಿದ್ದಳು. ಅವನು ತಂದ ಜೋಳದ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಮೈಲಾರಪ್ಪ ಅವನ ಪಕ್ಕದಲ್ಲೇ ಕೂತರು. ಊಟವಾದ ಮೇಲೆ ಅವನು ಪಟ್ಟಿ ಓದಿದ.

"ಜೋಳ ಬ್ಯಾಡಾತೇನ್ರಿ ಅಕ್ಕಾ?"

"ಜೋಳ ನೀ ಮನಿಗೆ ಬಂದಾಗ ತಾರೋ ತಮ್ಮಾ, ಯಾರ್ ಬ್ಯಾಡಂದ್ರು? ಕೆಲಸದ್ದು ಇದರಾಗ ಬರದೈತಿ."

ಹುಲಗೇಶ ಬೆರಳು ಮಡಚುತ್ತ ಲೆಕ್ಕ ಹಾಕಿದ. ಅವನ ಪಾಡ್‌ಕಾಸ್ಟ್ ತಪ್ಪದೆ ಕೇಳುವ ರೈತರು ನಲವತ್ತು ಜನ ಇದ್ದರು. ತಿಂಗಳಿಗೆ ಎರಡು ಕಂತು, ಎಂಟುನೂರು. ತಲೆಗೆ ಇಪ್ಪತ್ತು. "ಒಂದ ಪ್ಲೇಟ್ ಗಿರಮಿಟ್ ರೊಕ್ಕ. ಅಷ್ಟ ಕೊಡಲಿಲ್ಲಂದ್ರ ಹೆಂಗ?" ಎಂದ. ರೈತರು ಕೊಟ್ಟರು. ಅಷ್ಟೇ ಅಲ್ಲ, ದುಡ್ಡು ಕೊಟ್ಟ ಮೇಲೆ ಅವರು ಕೇಳುವ ರೀತಿಯೇ ಬದಲಾಯಿತು. ಈ ಸಲ ಮೆಣಸಿನಕಾಯಿ ಎಲೆ ಮುರುಟುವ ರೋಗದ ಬಗ್ಗೆ ಹೇಳಬೇಕು, ಹೋದ ಸಲದ್ದು ಅರ್ಧಕ್ಕೆ ಬಿಟ್ಟಿರಿ ಎಂದು ಅವನನ್ನು ಊರ ಕಟ್ಟೆಯ ಮೇಲೆ ಹಿಡಿದು ಕೇಳತೊಡಗಿದರು. ಹುಲಗೇಶ ಅದನ್ನು ದೂರಿನಂತೆ ಹೇಳುತ್ತಿದ್ದ, ಮುಖದಲ್ಲಿ ಮಾತ್ರ ಹೆಮ್ಮೆ.

ಹೀಗೆ ವರ್ಷ ತುಂಬುವ ಹೊತ್ತಿಗೆ ಸುಜಾತಾಳಿಗೆ ಏಳು ಜನ ಕಾಯಂ ಗಿರಾಕಿಗಳ ಕೆಲಸವಿತ್ತು. ಐದು ತಾಸು ಮುಗಿದರೆ ಕಂಪ್ಯೂಟರ್ ಬಂದ್. ಸಂಜೆ ಅವಳು ಓಣಿಯ ಹುಡುಗಿಯರ ಜೊತೆ ಶಟಲ್ ಆಡುತ್ತಿದ್ದಳು, ಕೆಟ್ಟದಾಗಿ ಆಡಿ ಜೋರಾಗಿ ನಗುತ್ತಿದ್ದಳು.

ಒಂದು ಭಾನುವಾರ ಮೂವರೂ ಸಾಧನಕೇರಿಗೆ ಹೋದರು. ರತ್ನವ್ವ ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಂಡಿದ್ದಳು. ಕೆರೆಯ ದಂಡೆಯ ಬೆಂಚಿನ ಮೇಲೆ ಕೂತಾಗ ಮೈಲಾರಪ್ಪ ಸ್ವಲ್ಪ ಸಂಕೋಚದಿಂದ ಕೇಳಿದರು.

"ಅಲ್ಲವಾ, ಇಷ್ಟ ದಿನ ನಿನ್ನ ಹಿಂದ ಕುಂತು ತಾಸು ಬರಕೊಂಡೆ. ಅದರಾಗ ಏನ ಇರತೈತಿ ಅಂತ ಒಮ್ಮಿನೂ ಕೇಳಿಲ್ಲ ನೋಡು."

ಸುಜಾತಾ ಮೊಬೈಲಿನಲ್ಲಿ ಇಸ್ತಿಯಾಕರ ಕಂತು ಹಚ್ಚಿ ಇಯರ್‌ಫೋನನ್ನು ತಂದೆಯ ಕಿವಿಗೆ ಸಿಕ್ಕಿಸಿದಳು. ಅವರು ಆಫೀಸಿನ ಕಡತ ಓದುವವರಂತೆ ನೆಟ್ಟಗೆ ಕೂತು ಕೇಳಿದರು. ಸುತ್ತಿಗೆ ಬಡಿಯುವುದು ಕೇಳಿ ಒಮ್ಮೆ ಹಿಂದಿರುಗಿ ನೋಡಿದರು. ಹಜರತಅಲಿ ಚಾಚಾ ಸ್ಕೂಟರ್ ತಳ್ಳತೊಡಗಿದರೆಂದು ಕಾಣುತ್ತದೆ, ಮೈಲಾರಪ್ಪನವರ ಭುಜ ಕುಲುಕಿತು. ಆಮೇಲೆ ಹೊಟ್ಟೆ. ಹಾದು ಹೋಗುವವರು ತಿರುಗಿ ನೋಡುವಂತೆ ಅವರು ನಗುತ್ತಿದ್ದರೆ, ರತ್ನವ್ವ ಅವಲಕ್ಕಿಯ ಡಬ್ಬಿ ಪಕ್ಕಕ್ಕಿಟ್ಟು, "ನನಗೊಂದು ಕೊಡ್ರಲಾ, ಒಬ್ರ ಕೇಳಿದ್ರ ಹೆಂಗ?" ಎಂದು ಅವರ ಕಿವಿಯಿಂದ ಒಂದನ್ನು ಕಿತ್ತು ತನ್ನ ಕಿವಿಗೆ ಇಟ್ಟುಕೊಂಡಳು.